ಉಳಿದ ಪುಟಗಳನ್ನು ಓದಿ ಮುಗಿಸಿದ ಅಪರಿಚಿತರಿಗೆ

ಅಪ್ಪನ ಸ್ಮರಣೆಯ ಸಭೆಯಲ್ಲಿ ನನ್ನ ದನಿ ಕಟ್ಟಿಹೋದಾಗ ಹಿಂದಿನ ಸಾಲಿನಿಂದ ಎದ್ದು ಬಂದು, ನಡುಗುತ್ತಿದ್ದ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಉಳಿದ ಎರಡು ಪುಟಗಳನ್ನು ಒಂದು ಪದವನ್ನೂ ಬಿಡದೆ ಓದಿ, ಹೆಸರು ಹೇಳದೆ ಹೊರಟುಹೋದ ತಮಗೆ ನಮ್ಮ ಕುಟುಂಬದ ಹೃತ್ಪೂರ್ವಕ ಕೃತಜ್ಞತೆಗಳು.

ತಾವು ಓದಿದ ಭಾಗವೇ ನನಗೆ ಮುಖ್ಯವಾಗಿತ್ತು. ಮನಶ್ಶಾಸ್ತ್ರಜ್ಞರಾಗಿದ್ದ ಅಪ್ಪ, ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ವಿವರಿಸಿದ ಸಹಾನುಭೂತಿ, ಷರತ್ತಿಲ್ಲದ ಸ್ವೀಕಾರ, ಪ್ರಾಮಾಣಿಕತೆ ಎಂಬ ಗುಣಗಳನ್ನು ಚಿಕಿತ್ಸೆಯ ಕೋಣೆಗಷ್ಟೇ ಸೀಮಿತಗೊಳಿಸದೆ ಮನೆಯಲ್ಲೂ ಬಾಳಿದರು. ಅಂಜಿದವರನ್ನು ಭಯದ ಎದುರಿಗೆ ಒಮ್ಮೆಲೇ ತಳ್ಳಬಾರದು, ಅವರು ಒಪ್ಪಿದಷ್ಟು ದೂರ ಹಂತಹಂತವಾಗಿ ಜೊತೆಗೆ ನಡೆಯಬೇಕು ಎಂಬುದು ಅವರ ವೃತ್ತಿಯ ಕ್ರಮವಾಗಿತ್ತು. ಕತ್ತಲೆಗೆ ಹೆದರುತ್ತಿದ್ದ ನನ್ನ ಹಾಸಿಗೆಯ ಪಕ್ಕದಲ್ಲಿದ್ದ ಅವರ ಕುರ್ಚಿಯು ವಾರವಾರವೂ ಬಾಗಿಲಿನತ್ತ ಸ್ವಲ್ಪಸ್ವಲ್ಪವೇ ಸರಿದು, ಒಂದು ರಾತ್ರಿ ಹೊಸ್ತಿಲನ್ನೇ ದಾಟಿದ್ದು ನನಗೆ ತಿಳಿಯಲೇ ಇಲ್ಲ.

ದಿನವಿಡೀ ಇತರರ ದುಃಖಕ್ಕೆ ಕಿವಿಯಾಗಿದ್ದವರು ಸಂಜೆ ಅಮ್ಮನೊಡನೆ ಕುಳಿತು ಮನಬಿಚ್ಚಿ ಮಾತನಾಡುತ್ತಿದ್ದರು. ಆದರೂ ತಮ್ಮಲ್ಲಿಗೆ ಬಂದವರ ಹೆಸರನ್ನು ಆಕೆಗೂ ಹೇಳಿದವರಲ್ಲ.

ತಾವೂ ಅಪ್ಪನ ಬಳಿಗೆ ಬಂದವರಲ್ಲೊಬ್ಬರಿರಬಹುದೇ ಎಂದು ಅಮ್ಮ ಕೇಳಿದರು. ಅಪ್ಪ ಜೀವಮಾನವಿಡೀ ಕಾಪಾಡಿದ ಗೋಪ್ಯತೆಯನ್ನು ನಾವು ಮುರಿಯಲಾರೆವು; ಆದ್ದರಿಂದಲೇ ತಮ್ಮನ್ನು ಹುಡುಕದೆ, ಇಲ್ಲಿ ಬರೆಯುತ್ತಿದ್ದೇನೆ. ಹಾಳೆಗಳ ಅಂಚಿನಲ್ಲಿ ತಮ್ಮ ಬೆರಳು ಒತ್ತಿದ ಗುರುತು ಹಾಗೆಯೇ ಇದೆ. ಅಮ್ಮ ಅವನ್ನು ಅಪ್ಪನ ಕನ್ನಡಕದ ಜೊತೆಗೆ ಎತ್ತಿಟ್ಟಿದ್ದಾರೆ.