ಕಡಲನ್ನು ಬಿಡದೆ ಬರೆದವಳು: ರಘುವಿಗೊಂದು ಪತ್ರ

ಪ್ರಿಯ ರಘು,

ಟಾರ್ಜಾನ್ ಹುಟ್ಟಿದ ಆ ಹಳೇ ಅಮೆರಿಕನ್ ಪತ್ರಿಕೆಗಳಲ್ಲಿ ಓದುವಂಥದ್ದು ಬೇರೆ ಏನಾದರೂ ಇದೆಯಾ, ಇಲ್ಲ ಎಲ್ಲಾ ಬರೀ ಹೊಡೆದಾಟಾನಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಇದೆ ಮಾರಾಯ, ಬೇಕಾದಷ್ಟಿದೆ. ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹೇಳಹೊರಟಿರುವುದು ಗರ್ಟ್ರೂಡ್ ಬ್ಯಾರೋಸ್ ಬೆನೆಟ್ ಎಂಬ ಹೆಂಗಸಿನ ಬಗ್ಗೆ. ಆಕೆಯ ಮುಖ್ಯ ಕಥೆ, ಕಾದಂಬರಿಗಳೆಲ್ಲ ಅಚ್ಚಾದದ್ದು ಫ್ರಾನ್ಸಿಸ್ ಸ್ಟೀವನ್ಸ್ ಎಂಬ ಗಂಡು ಹೆಸರಿನಲ್ಲಿ. ಆ ಕಾಲದ ಓದುಗರು ಆ ಹೆಸರನ್ನು ಚೆನ್ನಾಗಿ ಬಲ್ಲರು, ಮುಂದಿನ ಸಂಚಿಕೆಗೆ ಕಾಯುತ್ತಿದ್ದರು. ಅದರ ಹಿಂದಿನ ಹೆಂಗಸು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಆ ಪತ್ರಿಕೆಗಳ ಬಗ್ಗೆ ಎರಡು ಮಾತು. 1896ರಲ್ಲಿ ಫ್ರ್ಯಾಂಕ್ ಮನ್ಸಿ ಎಂಬ ಪ್ರಕಾಶಕ ತನ್ನ 'ಆರ್ಗೊಸಿ'ಯಲ್ಲಿ ಬರೀ ಕಥೆಗಳನ್ನೇ ತುಂಬಿ, ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಲು ಶುರು ಮಾಡಿದ. ಬೆಲೆ ಹತ್ತು ಸೆಂಟ್. ಪಲ್ಪ್ ಪತ್ರಿಕೆ ಅನ್ನುವ ಹೆಸರು ಬಂದದ್ದು ಆ ಕಾಗದದಿಂದಲೇ. ಅದರಲ್ಲಿ ಆಮ್ಲ ಇರುತ್ತಿದ್ದುದರಿಂದ ಬೇಗ ಹಳದಿಯಾಗಿ, ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ಓದಿ ಎಸೆಯಲೆಂದೇ ಮಾಡಿದ ಸರಕು. ಬರೆಯುವವರಿಗೆ ಪದದ ಲೆಕ್ಕದಲ್ಲಿ ದುಡ್ಡು. ಟಾರ್ಜಾನ್ 1912ರಲ್ಲಿ ಬಂದದ್ದು ಮನ್ಸಿಯದೇ ಇನ್ನೊಂದು ಪತ್ರಿಕೆ 'ಆಲ್-ಸ್ಟೋರಿ'ಯಲ್ಲಿ. ಮುಖವಾಡ ತೊಟ್ಟು ಕತ್ತಿ ಹಿಡಿಯುವ ಜೋರೊ ಕೂಡ ಅಲ್ಲೇ, 1919ರಲ್ಲಿ. ಗರ್ಟ್ರೂಡ್ ಹೆಚ್ಚಾಗಿ ಬರೆದದ್ದು ಈ ಎರಡಕ್ಕೇ.

ಆಕೆ ಮಿನಿಯಾಪೊಲಿಸ್ ಊರಿನವಳು. ಓದಿದ್ದು ಎಂಟನೇ ತರಗತಿವರೆಗೆ. ಚಿತ್ರಕಾರಳಾಗಬೇಕೆಂದು ರಾತ್ರಿ ಶಾಲೆಗೆ ಹೋದಳು. ಅದು ಕೈಗೂಡಲಿಲ್ಲ. ಸ್ಟೆನೋಗ್ರಾಫರ್ ಕೆಲಸಕ್ಕೆ ಸೇರಿದಳು. ಬೇರೆಯವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡು ಟೈಪ್ ಮಾಡಿ ಕೊಡುವ ಕೆಲಸ. ನಿಮ್ಮಮ್ಮ ಕೋರ್ಟಿನಲ್ಲಿ ಇಡೀ ಸರ್ವೀಸು ಮಾಡಿದ್ದು ಇದನ್ನೇ ಅಲ್ವಾ? ಹಾಗಾಗಿ ಆ ದುಡಿಮೆ ಎಂಥದ್ದು ಅಂತ ನಿನಗೆ ನಾನು ಹೇಳಬೇಕಿಲ್ಲ. ಹದಿಹರೆಯದಲ್ಲಿ ಬರೆದ ಒಂದು ಕಥೆಯನ್ನು 'ಆರ್ಗೊಸಿ'ಗೆ ಕಳಿಸಿದಳು. 1904ರ ಮಾರ್ಚ್ ಸಂಚಿಕೆಯಲ್ಲಿ ಜಿ. ಎಂ. ಬ್ಯಾರೋಸ್ ಎಂಬ ಹೆಸರಿನಲ್ಲಿ ಅಚ್ಚಾಯಿತು. ಪ್ರಯೋಗಾಲಯದಲ್ಲಿ ಹುಟ್ಟಿದ ಹೊಸ ಧಾತುವೊಂದರ ದೆಸೆಯಿಂದ ಸಾಮಾನ್ಯ ಮನುಷ್ಯನೊಬ್ಬನಿಗೆ ರಾಕ್ಷಸ ಬಲ ಬರುವ ಕಥೆ ಅದು. ಸೂಪರ್‌ಮ್ಯಾನ್ ಬರಲು ಇನ್ನೂ 34 ವರ್ಷ ಇತ್ತು.

ಆಮೇಲೆ ಹದಿಮೂರು ವರ್ಷ ಒಂದೂ ಕಥೆ ಇಲ್ಲ.

1909ರಲ್ಲಿ ಸ್ಟುವರ್ಟ್ ಬೆನೆಟ್ ಎಂಬ ಇಂಗ್ಲಿಷ್ ಪತ್ರಕರ್ತನನ್ನು ಮದುವೆಯಾಗಿ ಫಿಲಡೆಲ್ಫಿಯಾಕ್ಕೆ ಹೋದಳು. ಆತನಿಗೆ ಊರೂರು ಅಲೆದು ಹೊಸದನ್ನು ಹುಡುಕುವ ಹುಚ್ಚು. ಮರುವರ್ಷವೇ ನಿಧಿ ಹುಡುಕಿಕೊಂಡು ಹಡಗಿನಲ್ಲಿ ಹೋದವನು ಚಂಡಮಾರುತಕ್ಕೆ ಸಿಕ್ಕಿ ತೀರಿಕೊಂಡ. ಗರ್ಟ್ರೂಡ್ ಕೈಯಲ್ಲಿ ಹಸುಗೂಸು. ಮತ್ತೆ ಅದೇ ಸ್ಟೆನೋಗ್ರಾಫರ್ ಕೆಲಸ. ಕೆಲವು ವರ್ಷಗಳ ನಂತರ ಅಪ್ಪನೂ ಹೋದ. ಕಾಯಿಲೆ ಬಿದ್ದ ಅಮ್ಮನನ್ನು ನೋಡಿಕೊಳ್ಳುವ ಭಾರ ಇವಳ ಮೇಲೆ. ಒಂದು ಸಂಬಳ, ಮೂರು ಹೊಟ್ಟೆ. ಅಮ್ಮನನ್ನು ಬಿಟ್ಟು ಆಫೀಸಿಗೆ ಹೋಗುವ ಹಾಗಿಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಬೇಕು. ಅವಳಿಗೆ ಬರುತ್ತಿದ್ದ ಅಂಥ ಕೆಲಸ ಕಥೆ ಬರೆಯುವುದು.

1917ರ ಏಪ್ರಿಲ್‌ನಲ್ಲಿ 'ಆಲ್-ಸ್ಟೋರಿ ವೀಕ್ಲಿ'ಯಲ್ಲಿ 'ದಿ ನೈಟ್‌ಮೇರ್' ಬಂತು. ಜೀನ್ ವೇಲ್ ಎಂಬ ಕಾವ್ಯನಾಮ ಹಾಕಿ ಅಂತ ಆಕೆ ಕೇಳಿದ್ದಳು. ಸಂಪಾದಕ ಬಾಬ್ ಡೇವಿಸ್ ತನಗೆ ತೋಚಿದಂತೆ ಫ್ರಾನ್ಸಿಸ್ ಸ್ಟೀವನ್ಸ್ ಅಂತ ಹಾಕಿದ. ಓದುಗರು ಕಥೆಯನ್ನು ಮೆಚ್ಚಿಕೊಂಡುಬಿಟ್ಟರು. ಆಕೆ ಆ ಹೆಸರನ್ನೇ ಉಳಿಸಿಕೊಂಡಳು.

ಈಗ ನಾನು ನಿನಗೆ ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಆಕೆಯ ಕಥೆಗಳನ್ನು ಬಂದ ಕ್ರಮದಲ್ಲಿ ಓದಿ ನೋಡು. ಕಡಲು ಮತ್ತೆ ಮತ್ತೆ ಎದುರಾಗುತ್ತದೆ. 'ದಿ ನೈಟ್‌ಮೇರ್' ನಾಯಕ ಲುಸಿಟಾನಿಯಾ ಹಡಗಿನಲ್ಲಿ ಮಲಗಿದ್ದವನು ಕಣ್ಣು ಬಿಟ್ಟರೆ ನೀರಿನ ಮಧ್ಯೆ ಇರುತ್ತಾನೆ. ಲುಸಿಟಾನಿಯಾವನ್ನು ಜರ್ಮನರು ಮುಳುಗಿಸಿ ಆಗಿನ್ನೂ ಎರಡೇ ವರ್ಷ. ಓದುಗರಿಗೆ ಆ ಹೆಸರು ಕೇಳಿದರೆ ಮೈ ನಡುಗುತ್ತಿತ್ತು. ಗಂಡನನ್ನು ಕಡಲಿಗೆ ಕೊಟ್ಟವಳು ತನ್ನ ಎರಡನೇ ಬದುಕಿನ ಮೊದಲ ಕಥೆಯನ್ನು, ಮುಳುಗಬೇಕಾಗಿದ್ದವನೊಬ್ಬ ಈಜಿ ದಡ ಸೇರುವಲ್ಲಿಂದ ಶುರು ಮಾಡಿದ್ದಾಳೆ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

1918ರ 'ಫ್ರೆಂಡ್ ಐಲ್ಯಾಂಡ್' ತಗೋ. ಅದು ಮುಂದೆಂದೋ ಬರುವ ಕಾಲ. ಹಡಗು ನಡೆಸುವವರು, ದುಡಿಯುವವರು, ಲೋಕ ಆಳುವವರು ಎಲ್ಲ ಹೆಂಗಸರು. ಬಂದರಿನ ಪಕ್ಕದ ಒಂದು ಬಡಕಲು ಚಹಾದಂಗಡಿಯಲ್ಲಿ ಮುದುಕಿ ನಾವಿಕಳೊಬ್ಬಳು ಚಹಾ ಕುಡಿಯುತ್ತಾ ತನ್ನ ಹಳೇ ಕಥೆ ಹೇಳುತ್ತಾಳೆ. ಹಡಗು ಒಡೆದು ಆಕೆಯೊಬ್ಬಳೇ ಒಂದು ದ್ವೀಪ ಸೇರಿರುತ್ತಾಳೆ. ದಿನ ಕಳೆದಂತೆ ಗೊತ್ತಾಗುತ್ತದೆ, ಆ ದ್ವೀಪಕ್ಕೆ ಜೀವ ಇದೆ. ಇವಳು ಬೇಸರಗೊಂಡರೆ ಅದೂ ಮಂಕಾಗುತ್ತದೆ, ಇವಳು ಗೆಲುವಾದರೆ ಅದೂ ಗೆಲುವಾಗುತ್ತದೆ. ಇವಳು ಅದಕ್ಕೆ ಅನಿಟಾ ಅಂತ ಹೆಸರಿಡುತ್ತಾಳೆ. ಆಮೇಲೆ ಒಬ್ಬ ಗಂಡಸು ಅಲ್ಲಿಗೆ ಬರುತ್ತಾನೆ. ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಾನೆ. ದ್ವೀಪ ಕೆರಳಿ ಬೆಂಕಿ ಕಾರುತ್ತದೆ! ಓದುವಾಗ ನಗು ಬರುತ್ತದೆ. ಆದರೆ ನಗುತ್ತಲೇ ಒಂದು ವಿಷಯ ಗಮನಿಸು. ಒಂಟಿ ಹೆಂಗಸೊಬ್ಬಳನ್ನು ನಡುಗಡಲಿನಲ್ಲಿ ಬಿಟ್ಟು, ಅವಳ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಜೊತೆಯೊಂದನ್ನು ಕೊಟ್ಟಿದ್ದಾಳೆ ಲೇಖಕಿ. ಅಮೆರಿಕದಲ್ಲಿ ಹೆಂಗಸರಿಗೆ ದೇಶದುದ್ದಕ್ಕೂ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಈ ಕಥೆ ಅದಕ್ಕಿಂತ ಎರಡು ವರ್ಷ ಹಿಂದಿನದು.

ಇನ್ನು 1920ರ 'ಕ್ಲೇಮ್ಡ್'. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕಡಲಿನಿಂದ ಮೇಲೆದ್ದ ಜ್ವಾಲಾಮುಖಿ ದ್ವೀಪದಲ್ಲಿ ಸಿಕ್ಕ ಒಂದು ಹಸಿರು ಪೆಟ್ಟಿಗೆ, ಹಳೇ ವಸ್ತು ಕೂಡಿಡುವ ಒಬ್ಬ ಶ್ರೀಮಂತ ಮುದುಕನ ಕೈ ಸೇರುತ್ತದೆ. ಅದರ ಮೇಲೆ ಕೆಂಪಕ್ಷರದ ಒಂದು ಬರಹ. ಆ ಬರಹ ಮೇಲೆ ಕಾಣುವಂತೆ ಪೆಟ್ಟಿಗೆ ಇಟ್ಟು ಹೋದರೆ, ಬಂದು ನೋಡುವಷ್ಟರಲ್ಲಿ ಅಕ್ಷರ ಕೆಳಗಾಗಿರುತ್ತದೆ. ಯಾರೂ ಮುಟ್ಟಿರುವುದಿಲ್ಲ. ಅಷ್ಟೇ. ರಕ್ತ ಇಲ್ಲ, ಕಿರುಚಾಟ ಇಲ್ಲ, ಆದರೂ ಎದೆ ಝಲ್ಲೆನ್ನುತ್ತದೆ. ಪೆಟ್ಟಿಗೆ ಕಡಲಿನದು, ಕಡಲಿಗೆ ಅದು ವಾಪಸ್ ಬೇಕು. ಮುದುಕ ಕೊಡುವುದಿಲ್ಲ. ಕಡಲು ಬಿಡುವುದಿಲ್ಲ. ತನ್ನದು ಅಂದುಕೊಂಡದ್ದನ್ನು ಕಡಲು ಹೇಗೆ ಕೇಳಿ ತಗೊಳ್ಳುತ್ತದೆ ಅನ್ನುವುದನ್ನು ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡವಳು ಬರೆದ ಕಥೆ ಇದು ಅಂತ ನನ್ನ ನಂಬಿಕೆ. ಗಂಡ ಸತ್ತ ಹೆಂಡತಿಯ ಅಳು ಅದರಲ್ಲಿ ಒಂದು ಸಾಲೂ ಇಲ್ಲ. ಅಳುವ ಬದಲು ಅವಳು ಕಡಲಿಗೇ ಮಾತು ಕೊಟ್ಟಳು.

'ದಿ ಸಿಟಡೆಲ್ ಆಫ್ ಫಿಯರ್' ಅವಳ ದೊಡ್ಡ ಕಾದಂಬರಿ. ಮೆಕ್ಸಿಕೋದ ಬೆಟ್ಟಗಳ ನಡುವೆ ಅಡಗಿರುವ ಪ್ರಾಚೀನ ಪಟ್ಟಣ, ಅಲ್ಲಿನ ಕೇಡಿನ ದೇವರು, ಚಿನ್ನ ಹುಡುಕಿ ಹೋದ ಇಬ್ಬರು. ಮೆಕ್ಸಿಕೋದ ಜನರನ್ನು ನೋಡುವ ಕಣ್ಣು ಆ ಕಾಲದ ಬಿಳಿಯರದ್ದೇ. ಅದು ಇಂದು ಮುಜುಗರ ತರಿಸುತ್ತದೆ, ಮುಚ್ಚಿಡುವುದಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಆ ಭಯ ಅಮೆರಿಕದ ಒಂದು ಸಾಮಾನ್ಯ ಬಂಗಲೆಯ ಬಾಗಿಲು ಮುರಿದು ಒಳಗೆ ಬರುತ್ತದಲ್ಲ, ಅಲ್ಲಿಂದ ಪುಸ್ತಕ ಕೆಳಗಿಡಲು ಆಗುವುದಿಲ್ಲ. 1918ರ ಸೆಪ್ಟೆಂಬರ್ 14ರಿಂದ ಅಕ್ಟೋಬರ್ 26ರವರೆಗೆ 'ಆರ್ಗೊಸಿ'ಯಲ್ಲಿ ವಾರವಾರ ಬಂತು. ಆ ದಿನಾಂಕಗಳನ್ನು ನೋಡು. ಆ ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯಾದಲ್ಲಿ ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತಲು ಮೆರವಣಿಗೆ ನಡೆಯಿತು, ಸುಮಾರು ಎರಡು ಲಕ್ಷ ಜನ ಸೇರಿದರು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಹಬ್ಬಿ ಕೆಲವೇ ವಾರಗಳಲ್ಲಿ 12,000ಕ್ಕೂ ಜಾಸ್ತಿ ಜನ ಸತ್ತರು. ಮನೆಯೊಳಗೆ ನುಗ್ಗುವ ಕೇಡಿನ ಕಥೆ ಕಂತುಕಂತಾಗಿ ಬರುತ್ತಿದ್ದಾಗ ಬರೆದವಳ ಊರಿನಲ್ಲಿ ಆಗುತ್ತಿದ್ದದ್ದು ಇದು.

ಅದೇ ಊರನ್ನು ಆಕೆ ಮರುವರ್ಷ ಕಥೆಗೆ ತಂದಳು. 'ದಿ ಹೆಡ್ಸ್ ಆಫ್ ಸೆರ್ಬೆರಸ್' ಬಂದದ್ದು 'ದಿ ಥ್ರಿಲ್ ಬುಕ್' ಎಂಬ ಪತ್ರಿಕೆಯಲ್ಲಿ. ಅದು ಬದುಕಿದ್ದೇ 1919ರ ಹದಿನಾರು ಸಂಚಿಕೆ. ಈ ಧಾರಾವಾಹಿಯ ಕೊನೇ ಕಂತು ಮುಗಿಯಿತು, ಪತ್ರಿಕೆಯೂ ಮುಗಿಯಿತು. ಸೆರ್ಬೆರಸ್ ಅಂದರೆ ಗ್ರೀಕ್ ಪುರಾಣದ ಮೂರು ತಲೆಯ ನಾಯಿ. ಅದರ ತಲೆಗಳ ಆಕಾರದ ಮುಚ್ಚಳ ಇರುವ ಒಂದು ಸೀಸೆ, ಅದರೊಳಗೆ ಬೂದುಬಣ್ಣದ ಪುಡಿ. ಅದು ಮೂಗಿಗೆ ಹೋದವರು ಕೊನೆಗೆ ಬಂದು ಬೀಳುವುದು 2118ರ ಫಿಲಡೆಲ್ಫಿಯಾದಲ್ಲಿ. ಅಲ್ಲಿ ಜನರಿಗೆ ಹೆಸರಿಲ್ಲ, ನಂಬರ್ ಇದೆ. ಊರು ಕಟ್ಟಿದ ವಿಲಿಯಂ ಪೆನ್ ಈಗ ದೇವರು, ಅವನ ಹೆಸರು ಹೇಳಿಕೊಂಡು ಕೆಲವರು ಆಳುತ್ತಾರೆ. ಅಧಿಕಾರ ಸಿಗುವುದು ಸ್ಪರ್ಧೆಯಿಂದ. ಅತಿ ಜಾಣ, ಅತಿ ಬಲಶಾಲಿ, ಅತಿ ಚೆಲುವೆ ಅಂತ ಒಂದೊಂದು ಪದವಿಗೂ ಒಂದೊಂದು ಪರೀಕ್ಷೆ. ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಸೋತವರನ್ನು ಗುಂಡಿಗೆ ತಳ್ಳುತ್ತಾರೆ. ಒಂದೇ ಊರಿಗೆ ಬೇರೆ ಬೇರೆ ಕಾಲದ ಹಾದಿಗಳಿರಬಹುದು ಎಂಬ ಕಲ್ಪನೆಯನ್ನು ಹಿಡಿದ ತೀರಾ ಮೊದಲ ಕಾದಂಬರಿಗಳಲ್ಲಿ ಇದೂ ಒಂದು ಅಂತ ವಿಮರ್ಶಕರು ಎಣಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಆ ಪರೀಕ್ಷೆಗಳು. ಎಂಟನೇ ಕ್ಲಾಸಿಗೆ ಓದು ನಿಲ್ಲಿಸಿ ಇಡೀ ಜೀವನ ಬೇರೆಯವರ ಮಾತನ್ನು ಟೈಪ್ ಮಾಡಿದವಳಿಗೆ, ಯೋಗ್ಯತೆಯ ಹೆಸರಿನಲ್ಲಿ ನಡೆಯುವ ಮೋಸ ಎಷ್ಟು ಸ್ಪಷ್ಟವಾಗಿ ಕಂಡಿತ್ತು ನೋಡು.

1920ರ ಹೊತ್ತಿಗೆ ಅಮ್ಮ ತೀರಿಕೊಂಡಳು. ಬರವಣಿಗೆ ನಿಂತಿತು. 1923ರಲ್ಲಿ 'ವಿಯರ್ಡ್ ಟೇಲ್ಸ್'ನಲ್ಲಿ 'ಸನ್‌ಫೈರ್' ಬಂದದ್ದೇ ಕೊನೆ. ಎಣಿಸಿದರೆ ಹನ್ನೆರಡು-ಹದಿಮೂರು ಕಥೆ, ಕಾದಂಬರಿ ಅಷ್ಟೆ. ಬಹಳ ಜನ ಇದನ್ನು ದೊಡ್ಡ ರಹಸ್ಯದಂತೆ ಹೇಳುತ್ತಾರೆ, ಯಾಕೆ ನಿಲ್ಲಿಸಿದಳು, ಏನಾಯಿತು ಅಂತ. ನನಗೆ ಅದರಲ್ಲಿ ರಹಸ್ಯ ಕಾಣುವುದಿಲ್ಲ. ಮನೆಯಲ್ಲೇ ಇರಬೇಕಾಗಿತ್ತು, ಬರೆದಳು. ಆ ಅಗತ್ಯ ಮುಗಿಯಿತು, ನಿಲ್ಲಿಸಿದಳು. ದುಡ್ಡಿಗೆ ಬರೆದದ್ದು ಎಂಬ ಕಾರಣಕ್ಕೆ ಅವಳ ಕಥೆಗಳನ್ನು ಕೀಳಾಗಿ ನೋಡುವವರ ಮಾತನ್ನು ನಾನು ಒಪ್ಪುವುದೇ ಇಲ್ಲ ರಘು. ಕಾಯಿಲೆಯ ಅಮ್ಮ, ಚಿಕ್ಕ ಮಗಳು, ಇವರ ನಡುವೆ ಕೂತು 'ಕ್ಲೇಮ್ಡ್' ಬರೆಯುವುದು ಅಂದರೆ ಸುಮ್ನೆ ಅಲ್ಲ.

ನನಗೆ ಸಿಟ್ಟು ಬರುವುದು ಆಮೇಲೆ ಆದದ್ದಕ್ಕೆ. ಅದೇ ಪತ್ರಿಕೆಗಳಲ್ಲಿ ಎ. ಮೆರಿಟ್ ಅಂತ ಒಬ್ಬ ಲೇಖಕ ಬಹಳ ಜನಪ್ರಿಯನಾಗಿದ್ದ. ಫ್ರಾನ್ಸಿಸ್ ಸ್ಟೀವನ್ಸ್ ಅಂದರೆ ಮೆರಿಟ್‌ನ ಗುಪ್ತನಾಮ ಅಂತ ಓದುಗರು ನಂಬಿಬಿಟ್ಟರು. ಮೆರಿಟ್‌ನ ಮೊದಲ ಕಥೆ ಬಂದದ್ದು 1917ರ ನವೆಂಬರ್‌ನಲ್ಲಿ. 'ದಿ ನೈಟ್‌ಮೇರ್' ಅದಕ್ಕಿಂತ ಏಳು ತಿಂಗಳು ಮೊದಲೇ ಬಂದಿತ್ತು! ಆದರೂ ಆ ನಂಬಿಕೆ ದಶಕಗಟ್ಟಲೆ ನಡೆಯಿತು. 1940ರ ದಶಕದಲ್ಲಿ ಅವಳ ಕಥೆಗಳು 'ಫೇಮಸ್ ಫೆಂಟಾಸ್ಟಿಕ್ ಮಿಸ್ಟರೀಸ್'ನಲ್ಲಿ ಮತ್ತೆ ಅಚ್ಚಾದಾಗ ಆಕೆ ಇನ್ನೂ ಬದುಕಿದ್ದಳು ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ. 1952ರಲ್ಲಿ 'ಹೆಡ್ಸ್ ಆಫ್ ಸೆರ್ಬೆರಸ್' ಪುಸ್ತಕವಾಗಿ ಬಂದಾಗ ಲಾಯ್ಡ್ ಆರ್ಥರ್ ಎಶ್‌ಬ್ಯಾಕ್ ಎಂಬವನು ಅದರ ಮುನ್ನುಡಿಯಲ್ಲಿ ಅವಳ ನಿಜವಾದ ಕಥೆ ಬರೆದ ಮೇಲೆಯೇ ಆ ಗಾಳಿಮಾತು ನಿಂತದ್ದು. ಇನ್ನೊಂದು ಇದೆ. ಪ್ರಾವಿಡೆನ್ಸ್ ಊರಿನಿಂದ ಆಗಸ್ಟಸ್ ಟಿ. ಸ್ವಿಫ್ಟ್ ಎಂಬ ಓದುಗ 'ಆರ್ಗೊಸಿ'ಗೆ ಪತ್ರ ಬರೆದು ಅವಳನ್ನು ಹೊಗಳಿದ್ದ. ಅದನ್ನು ಬರೆದದ್ದು ಅದೇ ಊರಿನ, ಭಯಾನಕ ಕಥೆಗಳ ಹೆಸರಾಂತ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಅಂತ ತಿಳಿದು ಎಷ್ಟೋ ವರ್ಷ ಅವನ ಹೆಸರಿನಲ್ಲಿ ಆ ಹೊಗಳಿಕೆಯನ್ನು ಬಳಸಿದರು. ಸ್ವಿಫ್ಟ್ ನಿಜಕ್ಕೂ ಇದ್ದ ಮನುಷ್ಯ ಅಂತ ಆಮೇಲೆ ತಿಳಿಯಿತು. ಒಬ್ಬ ಸಾಮಾನ್ಯ ಓದುಗನ ಮೆಚ್ಚುಗೆ ಸಾಲದೆ, ಅದಕ್ಕೂ ದೊಡ್ಡವರ ಹೆಸರು ಬೇಕಾಯಿತು.

1920ರ ದಶಕದ ಮಧ್ಯದಲ್ಲಿ ಆಕೆ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಮಗಳ ಜೊತೆ ಸಂಬಂಧ ಕಡಿದುಹೋಗಿತ್ತು. 1939ರಲ್ಲಿ ಮಗಳಿಗೆ ಒಂದು ಪತ್ರ ಬಂತು. ಮಗಳು ಬರೆದ ಉತ್ತರ ವಿಳಾಸದಾರರಿಲ್ಲದೆ ವಾಪಸ್ ಬಂತು. ಹಾಗಾಗಿ ಅದೇ ವರ್ಷ ತೀರಿಕೊಂಡಳು ಅಂತಲೇ ಬಹುಕಾಲ ಬರೆದರು. ಮರಣ ಪ್ರಮಾಣಪತ್ರ ಸಿಕ್ಕ ಮೇಲೆ ಗೊತ್ತಾದದ್ದು, ಆಕೆ ಹೋದದ್ದು 1948ರಲ್ಲಿ.

2004ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರಕಾಶನ ಅವಳ ಕಥೆಗಳ ದಪ್ಪ ಸಂಕಲನ ತಂದಿತು. ಕರಾಳ ಕಲ್ಪನಾಕಥೆಯನ್ನು ಹುಟ್ಟುಹಾಕಿದವಳು ಅಂತ ಅದರ ಸಂಪಾದಕ ಗ್ಯಾರಿ ಹೊಪ್ಪನ್‌ಸ್ಟ್ಯಾಂಡ್ ಅವಳನ್ನು ಕರೆದ. ಆ ಬಿರುದು ಈಗ ಎಲ್ಲ ಕಡೆ ಓಡಾಡುತ್ತಿದೆ. ಬಿರುದು ಹೇಳುವವರು ಜಾಸ್ತಿ, ಕಥೆ ಓದುವವರು ಕಡಿಮೆ. ನೀನು ಹಾಗೆ ಮಾಡಬೇಡ.

ಕೃತಿಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿದೆ, ಹುಡುಕಿದರೆ ಪುಕ್ಕಟೆ ಸಿಗುತ್ತವೆ. ಮೊದಲು 'ಫ್ರೆಂಡ್ ಐಲ್ಯಾಂಡ್' ಓದು, ಒಮ್ಮೆ ಕೂತರೆ ಮುಗಿಯುತ್ತದೆ. ಆಮೇಲೆ 'ಕ್ಲೇಮ್ಡ್'. 'ಹೆಡ್ಸ್ ಆಫ್ ಸೆರ್ಬೆರಸ್' ಶುರುವಿನಲ್ಲಿ ಸ್ವಲ್ಪ ಎಳೆಯುತ್ತದೆ, 2118ಕ್ಕೆ ಹೋಗುವವರೆಗೆ ತಾಳ್ಮೆ ಇರಲಿ. 'ಸನ್‌ಫೈರ್' ಕೊನೆಗೆ ಓದಿದರೂ ನಡೆಯುತ್ತದೆ, ಅದರಲ್ಲಿ ಹಿಂದಿನ ಕಸುವಿಲ್ಲ. 'ಫ್ರೆಂಡ್ ಐಲ್ಯಾಂಡ್' ಕಥೆಯನ್ನು ನಿಮ್ಮಮ್ಮನಿಗೂ ಬಾಯಲ್ಲಿ ಹೇಳು. ದ್ವೀಪ ಸಿಟ್ಟಾದ ಜಾಗಕ್ಕೆ ಅವರು ಏನಂದರು ಅಂತ ನನಗೆ ಮರೆಯದೆ ಬರಿ.

ನಿನ್ನ,
ಶಶಿ