ಇಲಿ ಓಡೋದ್ ನೋಡಿ ಏನ್ ಸಿಗ್ತೈತಿ?

ದೋಸ್ತ,

ದಸರಾಕ್ಕೆ ಬಳ್ಳಾರಿಗೆ ಬಂದಾಗ ಕೌಲ್ ಬಜಾರಿನ ನಿನ್ನ ಜೀನ್ಸ್ ಯೂನಿಟ್‌ನಲ್ಲಿ ಕೂತಿದ್ದೆನಲ್ಲ, ಆಗ ನೀನು ಕೇಳಿದೆ: "ಇಲಿ ಓಡೋದ್ ನೋಡಿ ನಿನಗೇನ್ ಸಿಗ್ತೈತೋ?" ನೋಡುವುದು, ಮಾಡುವುದು ಮಿದುಳಿನಲ್ಲಿ ಹೇಗೆ ಕೂಡುತ್ತವೆ ಅನ್ನುವ ನನ್ನ ಪಿಎಚ್‌ಡಿ ಕೆಲಸದ ಬಗ್ಗೆ ಕೇಳಿದ್ದು ನೀನು. ಮಷಿನ್‌ಗಳ ಸದ್ದಿನಲ್ಲಿ ಏನೋ ಹೇಳಿ ಎದ್ದು ಬಂದೆ. ಅದು ನಿನಗೆ ಕೊಡಬೇಕಾದ ಉತ್ತರವಲ್ಲ. ಆವತ್ತಿನಿಂದ ಮನಸ್ಸಿನಲ್ಲೇ ಇತ್ತು.

ಮೊದಲು ಹೀಗೆ ಮಾಡು. ಒಂದು ಕಣ್ಣು ಮುಚ್ಚು. ತೆರೆದ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತು. ಎದುರಿನ ಗೋಡೆ ಅಲುಗುತ್ತದೆ. ಈಗ ಬೆರಳು ತೆಗೆದು ಕಣ್ಣನ್ನೇ ಆಕಡೆ ಈಕಡೆ ಹೊರಳಿಸು. ಗೋಡೆ ಇದ್ದಲ್ಲೇ ಇರುತ್ತದೆ, ಅಲ್ವಾ? ಎರಡು ಸಲವೂ ಕಣ್ಣಿನೊಳಗಿನ ಚಿತ್ರ ಜರುಗಿದೆ. ಆದರೆ ಎರಡನೇ ಸಲ ಕಣ್ಣಿಗೆ "ತಿರುಗು" ಅಂದಿದ್ದು ಮಿದುಳೇ. ತಾನು ಹೇಳಿದ್ದನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು 19ನೇ ಶತಮಾನದಲ್ಲೇ ಗಮನಿಸಿ ಬರೆದಿದ್ದರು.

ಆದರೂ ತುಂಬಾ ಕಾಲ ನೋಟದ ಪ್ರಯೋಗಗಳು ಹೆಚ್ಚಾಗಿ ಅರಿವಳಿಕೆ ಕೊಟ್ಟ ಪ್ರಾಣಿಗಳ ಮೇಲೇ ನಡೆದವು. ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ವಿಜ್ಞಾನಿಗಳು ಬೆಕ್ಕುಗಳಲ್ಲಿ ಹಾಗೇ ಕೆಲಸ ಮಾಡಿದರು. 1981ರಲ್ಲಿ ನೊಬೆಲ್ ಬಂತು, ಬರಬೇಕಾದದ್ದೇ. ಆದರೆ ಮಲಗಿದ ಬೆಕ್ಕು ನಡೆಯುವುದಿಲ್ಲ.

2010ರಲ್ಲಿ ಅಮೆರಿಕದ ನೀಲ್ ಮತ್ತು ಸ್ಟ್ರೈಕರ್ ಎಚ್ಚರವಿದ್ದ ಇಲಿಯನ್ನು ಗಾಳಿಯಲ್ಲಿ ತೇಲುವ ಥರ್ಮಾಕೋಲ್ ಚೆಂಡಿನ ಮೇಲೆ ಬಿಟ್ಟರು. ಎದುರಿನ ಪರದೆಯಲ್ಲಿ ಪಟ್ಟೆಗಳು. ಇಲಿ ಓಡತೊಡಗಿದಾಗ, ಮಿದುಳಿನ ನೋಟದ ಭಾಗದಲ್ಲಿ ನರಕೋಶಗಳ ಉತ್ತರ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಅದೇ ಕಣ್ಣು, ಅದೇ ಪಟ್ಟೆ. ಬದಲಾಗಿದ್ದು ಕಾಲಿನ ಕೆಲಸ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ಪಿಎಚ್‌ಡಿಯ ಮೊದಲ ವರ್ಷ ನಾನು ಮಾಡಿದ್ದೇನು ಗೊತ್ತಾ? ಇಲಿ ಮೀಸೆ ಅಲ್ಲಾಡಿಸಿದ, ಮೈ ಕೊಡವಿದ ಹೊತ್ತನ್ನೆಲ್ಲ ಬರೀ ಗದ್ದಲ ಅಂತ ಲೆಕ್ಕದಿಂದ ತೆಗೆದುಹಾಕುತ್ತಿದ್ದೆ. ಆಮೇಲೆ 2019ರ ಒಂದು ಲೇಖನ ಕೈಗೆ ಸಿಕ್ಕಿತು. ಅದರಲ್ಲಿ ನೋಟದ ಭಾಗದ ಸುಮಾರು 10,000 ನರಕೋಶಗಳನ್ನು ಒಟ್ಟಿಗೆ ನೋಡಿದ್ದರು. ಪರದೆಯಲ್ಲಿ ಏನೂ ತೋರಿಸದಿದ್ದರೂ ಅವು ಸುಮ್ಮನಿರಲಿಲ್ಲ. ಇಲಿಯ ಮುಖದ ಅಲುಗಾಟದ ಜೊತೆ ಅವುಗಳ ಚಟುವಟಿಕೆಯೂ ಬದಲಾಗುತ್ತಿತ್ತು. ನಾನು ಕಿತ್ತು ಬಿಸಾಕಿದ್ದರಲ್ಲೇ ವಿಷಯ ಇತ್ತು. ಎಲ್ಲವನ್ನೂ ವಾಪಸ್ ತಂದು ಹೊಸದಾಗಿ ಲೆಕ್ಕ ಹಾಕುತ್ತಿದ್ದೇನೆ.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಇರುತ್ತದೆ ಅಂತ ಹೇಳಲಾರೆ. ಮಂಗಗಳಲ್ಲಿ ಓಟದ ಪರಿಣಾಮ ಇಷ್ಟು ಜೋರಾಗಿ ಕಂಡಿಲ್ಲ. ಆದರೆ ನೋಡುವುದು, ಮಾಡುವುದು ಎಲ್ಲಿ ಕೂಡುತ್ತವೆ ಅನ್ನುವ ಪ್ರಶ್ನೆ ಎರಡು ಕಡೆಯೂ ಒಂದೇ. ಆವತ್ತು ನಿನ್ನ ಹತ್ತಿರ ಅಷ್ಟು ಹೊತ್ತು ಕೂತದ್ದು ಅದಕ್ಕೇ. ನಿನ್ನ ಕಣ್ಣು ಸೂಜಿಯ ಮುಂದೆ, ಕೈ ಬಟ್ಟೆಯ ಮೇಲೆ, ಕಾಲು ಪೆಡಲ್ ಮೇಲೆ. ನಾಲ್ಕು ಪದರ ಕೂಡುವ ದಪ್ಪ ಜಾಗಕ್ಕೆ ಸೂಜಿ ಮುಟ್ಟುವ ಮೊದಲೇ ನಿನ್ನ ಪಾದ ಸಡಿಲವಾಗುತ್ತಿತ್ತು. ಪ್ರತಿ ಸಲವೂ. ಕೇಳಿದರೆ "ನಾನೇನ್ ಮಾಡಿದ್ನಪ್ಪ?" ಅಂದೆ.

ಮುಂದಿನ ಸಲ ಬಂದಾಗ ಸೂಜಿಯ ಹತ್ತಿರ ಒಂದು ಮೊಬೈಲ್, ಪೆಡಲ್ ಹತ್ತಿರ ಒಂದು ಮೊಬೈಲ್ ಇಟ್ಟು ವಿಡಿಯೋ ಮಾಡುತ್ತೇನೆ. ಬೇಡ ಅನ್ನಬೇಡ. ಅವ್ವನಿಗೆ ಕೇಳಿದೆ ಅಂತ ಹೇಳು.

ನಿನ್ನ ದೋಸ್ತ