ಕಾರಿನಲ್ಲಿ ಟಾರ್ಚ್ ಇದ್ದರೆ ಸಾಲದು

ಮಾನ್ಯರೆ,

ಮಳೆಗಾಲದ ರಾತ್ರಿ ಸಂಪಾಜೆ, ಮಾಕುಟ್ಟ ಘಾಟಿಗಳಲ್ಲಿ ಗಾಡಿ ಕೆಟ್ಟು ನಿಂತರೆ ಮೊಬೈಲ್ ಬೆಳಕು ಕೆಲಸಕ್ಕೆ ಬಾರದು. ಜಾಕ್ ಏರಿಸಲು ಎರಡೂ ಕೈ ಬೇಕು. ಹಾಗಾಗಿ ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ. 200–300 ಲ್ಯೂಮೆನ್ ಬೆಳಕು ಧಾರಾಳ. ಅದಕ್ಕಿಂತ ಪ್ರಖರವಾದದ್ದು ಮಂಜಿನಲ್ಲಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ನೀರು ತಡೆಯುವ ಮಟ್ಟ ಹೇಳುವ ಗುರುತನ್ನೂ ನೋಡಿ: ಐಪಿಎಕ್ಸ್4 ಗುರುತಿನದ್ದು ತುಂತುರಿಗೆ ಸಾಕು, ಕೊಡಗಿನ ಮಳೆಗೆ ಐಪಿಎಕ್ಸ್7 ವಾಸಿ.

ಟಾರ್ಚ್ ಕೈಕೊಡುವುದು ಹೆಚ್ಚಾಗಿ ಸೆಲ್ಲಿನಿಂದಲೇ. ಆಲ್ಕಲೈನ್ ಸೆಲ್ ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಕರೆಂಟ್ ಹರಿಯದು. ಚಾರ್ಜ್ ಮಾಡಲಾಗದ 1.5 ವೋಲ್ಟಿನ ಲಿಥಿಯಂ ಎಎ ಸೆಲ್ ದುಬಾರಿಯಾದರೂ ಸೋರುವುದು ಅಪರೂಪ. ಚಾರ್ಜಿಂಗ್ ಟಾರ್ಚನ್ನು ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡ್ ಮೇಲಂತೂ ಇಡಬೇಡಿ.

ಎಚ್ಚರಿಕೆಯ ತ್ರಿಕೋನವನ್ನು ಬಂಪರಿಗೆ ಒರಗಿಸಿಟ್ಟು ಪ್ರಯೋಜನವಿಲ್ಲ. ಕನಿಷ್ಠ 50 ಮೀಟರ್ ಹಿಂದೆ, ತಿರುವಿದ್ದರೆ ತಿರುವಿಗೂ ಮೊದಲೇ ಇಡಬೇಕು. ಪ್ರತಿಫಲಕ ಜಾಕೆಟ್ ಇರಬೇಕಾದ್ದು ಸೀಟಿನ ಪಕ್ಕದಲ್ಲಿ, ಡಿಕ್ಕಿಯಲ್ಲಲ್ಲ, ತೊಟ್ಟೇ ಇಳಿಯಬೇಕು.

ಬಾಗಿಲು ತೆರೆಯದಾದಾಗ ಹೊರಬರಲು ಗಾಜು ಒಡೆಯುವ ಸುತ್ತಿಗೆಯೂ ಕೈಗೆಟುಕುವಂತಿರಲಿ. ಮುಂದಿನ ಗಾಜು ಪದರದ್ದು (ಲ್ಯಾಮಿನೇಟೆಡ್), ಬಿರುಕು ಬಿಟ್ಟರೂ ಉದುರದು. ಹೊಡೆಯಬೇಕಾದ್ದು ಪಕ್ಕದ ಕಿಟಕಿಯ ಮೂಲೆಗೆ. ಕೆಲವು ಕಾರುಗಳಲ್ಲಿ ಅದೂ ಪದರದ ಗಾಜೇ. ನಿಮ್ಮದು ಯಾವುದೆಂದು ತಿಳಿಯಲು ಗಾಜಿನ ಮೂಲೆಯ ಮುದ್ರೆಯನ್ನು ಈಗಲೇ ಓದಿಕೊಳ್ಳಿ.

– ಓದುಗರು, ಮಡಿಕೇರಿ